ಭಾವನ ಟ್ರ್ಯಾಕ್ಟರೂ ನನ್ನ ವಿಜ್ಞಾನವೂ

ಮೊನ್ನೆ ಬಳ್ಳಾರಿಯ ನಮ್ಮ ಓಣಿಗೆ ನೀರಿನ ಟ್ಯಾಂಕರ್ ಎಳೆದುಕೊಂಡು ಬಂದ ಟ್ರ್ಯಾಕ್ಟರೊಂದು ಸರಿಯಾಗಿ ನಮ್ಮ ಮನೆಯ ಮುಂದೆಯೇ ಸಿಕ್ಕಿಹಾಕಿಕೊಂಡಿತು. ಪೈಪಿಗೆಂದು ಅಗೆದು ಅರೆಬರೆ ಮುಚ್ಚಿದ ಗುಂಡಿ, ಮೇಲೆ ಟ್ಯಾಂಕರಿನಿಂದಲೇ ತುಳುಕಿದ ನೀರು. ಹಿಂದಿನ ಗಾಲಿ ನಿಂತಲ್ಲೇ ಗಿರಗಿರ ತಿರುಗಿ, ಕಾದ ರಬ್ಬರಿನ ವಾಸನೆ ನಮ್ಮ ಪಡಸಾಲೆಯವರೆಗೂ ಬಂತು. ಇಂಥ ಹೊತ್ತಿನಲ್ಲಿ ಓಣಿಯ ಗಂಡಸರು ಮನೆಯೊಳಗೆ ಇರುವುದುಂಟೇ? ಲುಂಗಿ ಮೇಲೆತ್ತಿ ಕಟ್ಟಿಕೊಂಡು ಒಬ್ಬೊಬ್ಬರೇ ಬಂದು ಡ್ರೈವರಿಗೆ ಸಲಹೆ ಕೊಡತೊಡಗಿದರು. ಬಾಯಿಬಿಡದೆ ನಿಂತವನು ನಾನೊಬ್ಬನೇ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಘರ್ಷಣೆಯ ಪಾಠವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸಬಲ್ಲೆ. ಆದರೂ ಟ್ರ್ಯಾಕ್ಟರಿನ ಗಾಲಿ ಹಸಿ ಮಣ್ಣಿನಲ್ಲಿ ತಿರುಗುವುದನ್ನು ಕಂಡರೆ ನನ್ನ ನಾಲಿಗೆ ತಾನಾಗಿಯೇ ಒಳಗೆ ಹೋಗುತ್ತದೆ. ಯಾಕೆಂದು ಹೇಳಬೇಕಾದರೆ ನನ್ನ ಭಾವನಿಂದ ಶುರು ಮಾಡಬೇಕು.

ಭಾವ ಅಂದರೆ ನನ್ನ ಅಕ್ಕನ ಗಂಡ, ಪಂಪಾಪತಿ. ಊರು ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿ. ಕಾಲುವೆ ನೀರು, ಭತ್ತದ ಹೊಲ, ತುಂಬಿದ ಮನೆ. ಆ ಮನೆಯ ಯಜಮಾನಿಕೆ ಅವರ ಅಣ್ಣ ಶೇಖರಪ್ಪನವರದು. ಬೀಜ ಯಾವುದು, ಗೊಬ್ಬರ ಎಷ್ಟು, ಯಾವ ಗದ್ದೆಗೆ ಯಾವತ್ತು ನೀರು, ಎಲ್ಲ ಅವರೇ ಹೇಳಬೇಕು. ಭಾವನ ಪಾಲಿಗೆ ಉಳಿದದ್ದು ತಂದೆಯ ಕಾಲದ ಒಂದು ಟ್ರ್ಯಾಕ್ಟರ್. ಮೀಸೆ ಮೂಡುವ ಮುಂಚೆಯೇ ಅವರು ಅದರ ಮೇಲೆ ಕೂತವರು, ಮೀಸೆ ನರೆತರೂ ಇಳಿಯಲಿಲ್ಲ. ಅದರ ಸೀಟು ಹೋಗಿ ಗೋಣಿಚೀಲ ಬಂದಿತ್ತು. ಬಣ್ಣ ಯಾವುದೆಂದು ಕೇಳಿದರೆ ಮನೆಯವರಲ್ಲೇ ಜಗಳವಾಗುತ್ತಿತ್ತು. ಆದರೆ ಭಾವನ ಎದುರಿಗೆ ಅದರ ಬಗ್ಗೆ ಒಂದು ಮಾತು ಆಡುವ ಹಾಗಿರಲಿಲ್ಲ. ಒಮ್ಮೆ ಬೀಗರೊಬ್ಬರು ಊಟದ ಹೊತ್ತಿನಲ್ಲಿ "ಗಾಡಿ ಭಾಳ ಹೊಗಿ ಉಗುಳತೈತಲ್ರಿ" ಅಂದರು. ಭಾವ ಅನ್ನ ಕಲಸಿದ್ದ ಕೈಯನ್ನು ಅಲ್ಲೇ ತೊಳೆದುಕೊಂಡು ಎದ್ದರು. ಅವತ್ತು ಬಡಿಸಿದ್ದು ಹೋಳಿಗೆ ಎಂಬುದನ್ನು ನೀವು ಗಮನಿಸಬೇಕು.

ಇಂಥ ಟ್ರ್ಯಾಕ್ಟರನ್ನು ಗುಜರಿಗೆ ಹಾಕಿ ಹೊಸದು ತರುವುದೆಂದು ಶೇಖರಪ್ಪನವರು ಒಂದು ಬೆಳಿಗ್ಗೆ ಚಹಾ ಕುಡಿಯುತ್ತಾ ಹೇಳಿಬಿಟ್ಟರು. ಅಣ್ಣನಿಗೆ ಎಂದೂ ಎದುರಾಡದ ಭಾವ ಅವತ್ತು ಎದುರಾಡಿದರು.

"ಅದರ ಮೈಯಾಗ ಇನ್ನೂ ಕಸುವೈತಿ ಅಣ್ಣ. ಬೇಕಾದ್ರ ಕುರುಗೋಡಿನ್ಯಾಗ ಜಗ್ಗಿ ತೋರಸ್ತೀನಿ."

ಕುರುಗೋಡಿನಲ್ಲಿ ಸುಗ್ಗಿ ಮುಗಿದ ಮೇಲೆ ಊರ ಹುಡುಗರು ಸೇರಿ ಟ್ರ್ಯಾಕ್ಟರ್ ಜಗ್ಗುವ ಪಂದ್ಯ ಇಡುತ್ತಿದ್ದರು. ಕಲ್ಲು ತುಂಬಿದ ಟ್ರಾಲಿಯ ಗಾಲಿ ಉರುಳದಂತೆ ಸರಪಳಿ ಬಿಗಿದು ನಿಲ್ಲಿಸಿರುತ್ತಾರೆ. ಮೈಕಿನವನು ನೂರು ಎಣಿಸುವುದರೊಳಗೆ ಅದನ್ನು ಎಷ್ಟು ದೂರ ಎಳೆದರೆ ಅಷ್ಟು. ನೆಲದ ಮೇಲೆ ಸುಣ್ಣದಲ್ಲಿ ಮೂರು ಗೆರೆ. ಮೂರನೆಯದನ್ನು ದಾಟುವುದು ಹೊಸ ಗಾಡಿಗಳಿಗೂ ಕಷ್ಟ.

ಶೇಖರಪ್ಪನವರು ಲೋಟ ಕೆಳಗಿಟ್ಟರು. "ಮೂರನೇ ಗೆರಿ ದಾಟಿಸು, ನಾ ಬದುಕಿರೋತನಕ ಅದನ್ನ ಮಾರೋದಿಲ್ಲ. ದಾಟಲಿಲ್ಲಂದ್ರ ಸೋಮವಾರ ಗುಜರಿಗಿ. ಮತ್ತ ಅದಕ್ಕಂತ ಮನೀ ರೊಕ್ಕ ಒಂದು ಪೈಸಾ ಮುಟ್ಟಬ್ಯಾಡ."

ಅವರ ಮಾತೆಂದರೆ ಮಾತು. ಅವರು ಕೊಟ್ಟ ಮಾತಿಗೆ ತಪ್ಪಿದ್ದನ್ನು ಕಂಡವರಿಲ್ಲ, ಅದೇ ಅವರ ದೊಡ್ಡ ಗುಣ, ಅದೇ ನಮ್ಮ ದೊಡ್ಡ ತೊಂದರೆ.

ಹೀಗೆ ಕಾಸಿಲ್ಲದೆ ಪಂದ್ಯದ ಟ್ರ್ಯಾಕ್ಟರ್ ಕಟ್ಟುವ ಕೆಲಸ ಶುರುವಾಯಿತು. ಭಾವನ ಕಡೆಯವರೆಂದರೆ ಇಬ್ಬರೇ. ಒಬ್ಬ ಸಿರುಗುಪ್ಪದ ಮೆಕ್ಯಾನಿಕ್ ಖಾಜಾ, ಭಾವನ ಬಾಲ್ಯದ ಗೆಳೆಯ. ಇನ್ನೊಬ್ಬ ನಾನು, ಆಗ ಸಿರುಗುಪ್ಪದಲ್ಲೇ ಮಾಸ್ತರಿಕೆ ಮಾಡುತ್ತಿದ್ದೆ. ಖಾಜಾನಿಗೆ ಇಂಜಿನ್ ಗೊತ್ತಿತ್ತು. ನನಗೆ ಏನು ಗೊತ್ತಿತ್ತು ಅಂತ ನೀವು ಕೇಳಬಹುದು. ಬಲ, ಭಾರ, ಘರ್ಷಣೆ ಎಲ್ಲ ಗೊತ್ತು ಎಂದು ನಾನೇ ಹೇಳಿಕೊಂಡಿದ್ದೆ, ಭಾವ ನಂಬಿದ್ದರು. ಹೆಂಡತಿಯ ತಮ್ಮನನ್ನು ಅಷ್ಟು ನಂಬಿದ ಮನುಷ್ಯನನ್ನು ನಾನು ಮತ್ತೆ ನೋಡಿಲ್ಲ.

ಖಾಜಾ ಇಂಜಿನ್ ಬಿಚ್ಚಿ, ಒರೆಸಿ, ಸವೆದದ್ದನ್ನು ತಿಕ್ಕಿ, ಡೀಸೆಲ್ ಪಂಪಿನ ತಿರುಪನ್ನು ಇಷ್ಟಿಷ್ಟೇ ತಿರುಗಿಸಿ ಕಿವಿಗೊಟ್ಟು ಕೇಳಿದ. ಕೂಲಿ ಕೇಳಲಿಲ್ಲ, ಹೊತ್ತೊತ್ತಿಗೆ ಮಿರ್ಚಿ ಮಂಡಕ್ಕಿ ಮಾತ್ರ ಕೇಳಿದ. ಹೊಸ ಟೈರು ನಮ್ಮ ಕೈಗೆ ಎಟುಕದ ಮಾತು. ಆದ್ದರಿಂದ ಸವೆದ ಟೈರಿನ ಹಲ್ಲುಗಳನ್ನೇ ಭಾವ ಒಂದೊಂದಾಗಿ ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದು ಚೂಪು ಮಾಡಿದರು. ಹದಿನೈದು ದಿನ ಅದೇ ಕೆಲಸ. ಅಂಗೈ ತುಂಬ ಬೊಕ್ಕೆ ಎದ್ದವು. ಆಮೇಲೆ ಭಾರಕ್ಕೆಂದು ಟ್ಯೂಬಿನೊಳಗೆ ಗಾಳಿಯ ಜೊತೆ ನೀರನ್ನೂ ತುಂಬಿಸಿದೆವು. ಹೊಗೆ ಕೊಳವೆಗೆ ಹಳೆಯ ಬೋರಿನ ಪೈಪು ಬಂತು. ಅದು ಎಷ್ಟು ಉದ್ದವಿತ್ತೆಂದರೆ ಓಣಿಯಲ್ಲಿ ಹೋಗುವಾಗ ಒಬ್ಬರು ಮುಂದೆ ನಡೆದು ಕರೆಂಟಿನ ತಂತಿ ನೋಡಿಕೊಳ್ಳಬೇಕಾಗುತ್ತಿತ್ತು.

ನನ್ನ ಕೊಡುಗೆ ಒಂದೇ. ನೋಟ್‌ಬುಕ್ಕಿನ ಎರಡು ಪುಟ ತುಂಬ ಲೆಕ್ಕ ಮಾಡಿ, ಟ್ರಾಲಿ ಕಟ್ಟುವ ಕೊಂಡಿಯನ್ನು ನಾಲ್ಕು ಬೆರಳು ಮೇಲಕ್ಕೆ ಏರಿಸಬೇಕು, ಆಗ ಹಿಂದಿನ ಗಾಲಿಗೆ ಭಾರ ಬಿದ್ದು ಹಿಡಿತ ಹೆಚ್ಚುತ್ತದೆ ಎಂದು ಹೇಳಿದೆ. ಏರಿಸಿದರು. ಹೊಲದಲ್ಲಿ ಪರೀಕ್ಷೆಗೆಂದು ಎಳೆದಾಗ ಹಿಡಿತವೇನೋ ಹೆಚ್ಚಿತು, ಆದರೆ ಮುಂದಿನ ಗಾಲಿಗಳು ನೆಲ ಬಿಟ್ಟು ಎದ್ದವು. ಭಾವ ಸ್ಟೇರಿಂಗ್ ಹಿಡಿದುಕೊಂಡೇ ಆಕಾಶ ನೋಡಿದರು.

"ಮಾಸ್ತರ್, ನಿಮ್ಮ ಲೆಕ್ಕ ಬೋರ್ಡಿನ ಮ್ಯಾಲಿ ಚಲೋ ಐತ್ರಿ," ಎಂದ ಖಾಜಾ. "ಬೋರ್ಡಿಗಿ ಮುಂದಿನ ಗಾಲಿ ಇರಂಗಿಲ್ಲಲ್ಲ, ಅದಕ್ಕ."

ಮುಂದೆ ಭಾರ ಕಟ್ಟಬೇಕಾಯಿತು. ಏನು ಕಟ್ಟುವುದೆಂದು ಮೂವರೂ ಮನೆಯೆಲ್ಲ ಹುಡುಕಿದೆವು. ಕೊನೆಗೆ ಭಾವನ ಕಣ್ಣು ಅಡುಗೆಮನೆಯ ಮೂಲೆಯಲ್ಲಿದ್ದ ರುಬ್ಬುವ ಕಲ್ಲಿನ ಮೇಲೆ ಬಿತ್ತು. ಅದು ಅಕ್ಕ ತವರಿನಿಂದ ತಂದದ್ದು.

"ಮಿಕ್ಸರ್ ಬಂದು ಎಷ್ಟು ವರ್ಷ ಆತು, ಅದನ್ನ ಮುಟ್ಟೀ ಏನು ನೀನು?" ಎಂದರು ಭಾವ.

"ನಿಮ್ಮ ಗಾಡಿ ಉಪಯೋಗಕ್ಕ ಬರಂಗಿಲ್ಲ ಅಂತ ಮಾರಾಕ ಹೊಂಟ್ರ ಅಳತೀರಿ. ನನ್ನ ಕಲ್ಲು ಮಾತ್ರ ಉಪಯೋಗಕ್ಕ ಬರಂಗಿಲ್ಲೇನು?" ಎಂದಳು ಅಕ್ಕ. ಹಾಗೆಂದವಳೇ ಸೆರಗಿನಿಂದ ಕಲ್ಲಿನ ಧೂಳು ಒರೆಸಿ, ಕುಂಕುಮ ಹಚ್ಚಿ, ಎತ್ತಲು ತಾನೂ ಒಂದು ಕೈ ಹಾಕಿದಳು. ಕಲ್ಲು ಬಂಪರಿಗೆ ಕೂತಿತು. ಗಾಡಿಯ ಮುಂಗಾಲು ನೆಲಕ್ಕೆ ಬಂತು. ಹೊಲದ ಪರೀಕ್ಷೆಯಲ್ಲಿ ಅದು ಎಳೆದ ರೀತಿ ನೋಡಿ ಖಾಜಾ ಶಿಳ್ಳೆ ಹೊಡೆದ. ಮೂರನೇ ಗೆರೆ ದಾಟುತ್ತದೆ ಎಂಬುದರಲ್ಲಿ ನಮಗೆ ಅನುಮಾನ ಉಳಿಯಲಿಲ್ಲ. ಭಾವ ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡರು.

ಪಂದ್ಯದ ದಿನ ಕುರುಗೋಡಿನ ಬಯಲಿನಲ್ಲಿ ನಮ್ಮ ಗಾಡಿಯನ್ನು ಕಂಡು ನಗದವರಿಲ್ಲ. ಸುತ್ತ ಹೊಸ ಬಣ್ಣದ, ಚೆಂಡುಹೂ ಮುಡಿದ ಟ್ರ್ಯಾಕ್ಟರುಗಳು, ನಡುವೆ ರುಬ್ಬುವ ಕಲ್ಲು ಹೊತ್ತ ನಮ್ಮದು. ಮೈಕಿನವನೊಬ್ಬ ಭಲೇ ತರಲೆ ಆಸಾಮಿ. ಯಾರು ಎಡವಿದರೂ ಹೆಸರು ಹಿಡಿದು, ಊರು ಹೇಳಿ, ಕನ್ನಡದಲ್ಲೊಮ್ಮೆ ತೆಲುಗಿನಲ್ಲೊಮ್ಮೆ ಮಾನ ಕಳೆಯುತ್ತಿದ್ದ. ಭಾವ ಮಾತ್ರ ಸಿಕ್ಕಸಿಕ್ಕವರಿಗೆಲ್ಲ ನನ್ನನ್ನು ತೋರಿಸಿ, "ನಮ್ಮ ಮನಿಯಾಕಿ ತಮ್ಮ, ಸೈನ್ಸ್ ಮಾಸ್ತರು. ಲೆಕ್ಕ ಎಲ್ಲಾ ಇವಂದಾ" ಎನ್ನುತ್ತಿದ್ದರು. ಅದು ಮೈಕಿನವನ ಕಿವಿಗೂ ಬಿತ್ತು. "ಈಗ ಬರ್ತಾ ಐತಿ, ವಿಜ್ಞಾನದ ಮಾಸ್ತರು ಲೆಕ್ಕ ಹಾಕಿ ಕಟ್ಟಿದ ಗಾಡಿ!" ಎಂದು ಅವನು ಕೂಗಿದಾಗ ಜನ ಚಪ್ಪಾಳೆ ತಟ್ಟಿದರು. ನಾನು ಕೈ ಬೀಸಿದೆ. ನನ್ನ ತಲೆ ತಿರುಗಿದ್ದು ಅಲ್ಲೇ ಇರಬೇಕು.

ಹಚ್ಚೊಳ್ಳಿಯ ಆ ಮನೆಯಲ್ಲೊಂದು ಪದ್ಧತಿ. ಟ್ರ್ಯಾಕ್ಟರನ್ನು ಯಾವ ಕೆಲಸಕ್ಕೆ ಇಳಿಸುವುದಿದ್ದರೂ ಮೊದಲು ಗಾಲಿಗೆ ಕಾಲುವೆ ನೀರು ಹಾಕಬೇಕು. ಭತ್ತದ ಗದ್ದೆಯವರಿಗೆ ಗಾಲಿ ಎಂದರೆ ಹಸಿಯಾಗಿಯೇ ಇರತಕ್ಕದ್ದು. ಅಕ್ಕ ಊರಿನಿಂದಲೇ ಪ್ಲಾಸ್ಟಿಕ್ ಕೊಡದಲ್ಲಿ ನೀರು ತಂದಿದ್ದಳು. ಗಾಡಿ ಹೊರಡುವ ಗೆರೆಯ ಮೇಲೆ ನಿಂತಾಗ ಅದನ್ನು ನನ್ನ ಕೈಗೆ ಕೊಟ್ಟು, "ಹಿಂದಿನ ಗಾಲಿಗಿ ಚೂರು ಹಾಕಪ" ಎಂದಳು. ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತು. ನಾನು ಚೂರು ಹಾಕಲಿಲ್ಲ. ಎರಡೂ ಗಾಲಿಗೆ ಅಭಿಷೇಕ ಮಾಡುವವನಂತೆ ಪೂರ್ತಿ ಕೊಡ ಸುರಿದು, ಮತ್ತೊಮ್ಮೆ ಜನರ ಕಡೆ ನೋಡಿ ನಕ್ಕು, ಖಾಲಿ ಕೊಡ ಹಿಡಿದು ಈಚೆ ಬಂದೆ.

ಅದು ಹಚ್ಚೊಳ್ಳಿಯ ಎರೆ ಹೊಲವಲ್ಲ. ಕಲ್ಲಿನಂಥ ಗರಸು ನೆಲ, ಮೇಲೆ ಹಿಟ್ಟಿನಂತೆ ನುಣ್ಣಗಿನ ಕೆಂಪು ಧೂಳು. ನೀರು ಇಂಗಲಿಲ್ಲ, ಧೂಳೆಲ್ಲ ಲೋಳೆಯಾಯಿತು. ಬಾವುಟ ಇಳಿಯಿತು, ಇಂಜಿನ್ ಗರ್ಜಿಸಿತು, ಗಾಲಿಗಳು ನಿಂತಲ್ಲೇ ತಿರುಗಿದವು. ಅದೇ ವಾರ ಒಂಬತ್ತನೇ ಕ್ಲಾಸಿನಲ್ಲಿ, ನೀರು ಬಿದ್ದ ನೆಲದಲ್ಲಿ ಕಾಲು ಜಾರುವುದು ಯಾಕೆ ಎಂದು ಮಕ್ಕಳನ್ನು ಕೇಳಿ, ಉತ್ತರ ಬರದವರನ್ನು ನಿಲ್ಲಿಸಿದ್ದೆ. ಮೈಕಿನವನು ಎಣಿಸುತ್ತಲೇ ಇದ್ದ. ಇಪ್ಪತ್ತು, ನಲವತ್ತು, ಅರವತ್ತು. ಭಾವ ಇಂಜಿನ್ ತಗ್ಗಿಸಿ, ಮತ್ತೆ ಮೆಲ್ಲಗೆ ಕೊಟ್ಟು, ಲೋಳೆಯನ್ನು ಕೆರೆದು ಕೆರೆದು ಒಣ ನೆಲಕ್ಕೆ ಬಂದರು. ಆಮೇಲೆ ಆ ಗಾಡಿ ಎಳೆದದ್ದನ್ನು ನೀವು ನೋಡಬೇಕಿತ್ತು. ಮೊದಲನೇ ಗೆರೆ ದಾಟಿತು, ಎರಡನೆಯದು ದಾಟಿತು, ನಕ್ಕವರೆಲ್ಲ ಎದ್ದು ನಿಂತರು. ನೂರು ಎಂದಾಗ ಮೂರನೇ ಗೆರೆ ಒಂದು ಮೊಳ ದೂರದಲ್ಲಿತ್ತು.

ಶೇಖರಪ್ಪನವರು ಮಾತಿಗೆ ತಪ್ಪಲಿಲ್ಲ. ಸೋಮವಾರ ಭಾವ ತಾವೇ ಗಾಡಿ ನಡೆಸಿಕೊಂಡು ಬಳ್ಳಾರಿಯ ಗುಜರಿಗೆ ಬಿಟ್ಟು, ಬಸ್ಸಿನಲ್ಲಿ ವಾಪಸ್ಸು ಬರುವಾಗ ಸಿರುಗುಪ್ಪದ ನನ್ನ ಮನೆಗೆ ಬಂದು ಊಟಕ್ಕೆ ಕೂತರು. ಏನಾದರೂ ಮಾತಾಡಬೇಕಲ್ಲ ಎಂದು ನಾನು, "ಹೋಗ್ಲಿ ಬಿಡ್ರಿ ಭಾವ, ಕ್ಲಚ್ ಬಿಡೋದ್ರಾಗ ನಿಮ್ಮದಾ ಅವಸರ ಆತು" ಎಂದೆ. ಭಾವ ತಲೆ ಎತ್ತದೆ, "ಹೌದಪಾ, ನಂದಾ ಅವಸರ" ಎಂದು ಮಜ್ಜಿಗೆ ಕೇಳಿದರು.

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಸಾಧಾರಣ ಹೇಡಿ ಎನಿಸಿಕೊಳ್ಳುತ್ತಿದ್ದೆ. ನಿಲ್ಲಿಸಲಿಲ್ಲ. ಮದುವೆ ಮನೆ, ನಾಮಕರಣ, ಎಲ್ಲಿ ನಾಲ್ಕು ಜನ ಸೇರಿದರೂ ರುಬ್ಬುವ ಕಲ್ಲಿನ ಟ್ರ್ಯಾಕ್ಟರಿನ ಕಥೆ ನನ್ನಿಂದಲೇ ಆಗಬೇಕು. ಹೊಗೆ ಕೊಳವೆ, ಆಕಾಶ ನೋಡಿದ ಭಾವ, ಕ್ಲಚ್ಚಿನ ಅವಸರ, ಎಲ್ಲ ಬರುತ್ತಿದ್ದವು. ಕೊಡ ಮಾತ್ರ ಬರುತ್ತಿರಲಿಲ್ಲ. ಅದನ್ನು ಯಾರೂ ಗಮನಿಸಿಲ್ಲವೆಂದು ನಾನು ಗಟ್ಟಿಯಾಗಿ ನಂಬಿದ್ದೆ. ಭಾವ ಎದುರಿಗೇ ಕೂತು ಎಲ್ಲರ ಜೊತೆ ನಗುತ್ತಿದ್ದರು.

ಮೊನ್ನೆ ಆ ಟ್ಯಾಂಕರ್ ಗುಂಡಿಯಿಂದ ಎದ್ದು ಹೋದ ಸಂಜೆ ಅಕ್ಕ ಬಂದಿದ್ದಳು, ಕಣ್ಣಿನ ಡಾಕ್ಟರಿಗೆ ತೋರಿಸಲು. ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತವಳಿಗೆ ಗಾಲಿ ಜಾರಿದ ಸುದ್ದಿ ಹೇಳಿ, ಅಭ್ಯಾಸಬಲದಿಂದ, "ನಮ್ಮ ಭಾವನ ಕ್ಲಚ್ಚಿನಂಗ" ಎಂದು ಸೇರಿಸಿದೆ. ಅಕ್ಕ ಕೈ ನಿಲ್ಲಿಸಿದಳು.

"ಸಾಕು ಬಿಡೋ ಆ ಕ್ಲಚ್ಚಿನ ಕಥಿ. ಹೇಳಬ್ಯಾಡ ಅಂತ ಅವರು ನನ್ನ ಕಡಿಂದ ಆಣಿ ಮಾಡಿಸ್ಯಾರ, ಇಲ್ಲಾಂದ್ರ ಎಂದೋ ಹೇಳತಿದ್ದೆ. ಅವತ್ತು ನೀ ನೀರು ಸುರುವಿ ಆ ಕಡಿ ಹೋದಿ. ಬಾವುಟ ಹಿಡಿದಾತ ಬಂದು, 'ಯಾರೋ ನಿಮ್ಮೋರು ನೀರು ಚೆಲ್ಲ್ಯಾರಲ್ರಿ, ಯಾರಂತ ಹೇಳ್ರಿ, ಮೈಕಿನ್ಯಾಗ ಹೇಳಿಸಿ ಒಣಾ ಜಾಗಕ್ಕ ಬದಲಿ ಮಾಡಸ್ತೀನಿ. ಗಾಡೀದಾ ತಪ್ಪಿದ್ರ ಮಾತ್ರ ಬದಲಿ ಇಲ್ಲ' ಅಂದ. ಮೈಕಿನ್ಯಾಗ ನಿನ್ನ ಹೆಸರು ಬಂದಿದ್ರ ಆ ಮೈಕಿನಾತ ಬಿಡತಿದ್ನೇನು? ಸಿರುಗುಪ್ಪದ ಹುಡುಗರೆಲ್ಲ ಅಲ್ಲೇ ಇದ್ರು, ನಿನ್ನ ಸಾಲಿ ಹುಡುಗರು. ಇವರು ಸ್ಟೇರಿಂಗ್ ಮ್ಯಾಲೆ ಒಮ್ಮೆ ಕೈಯಾಡಿಸಿದ್ರು. ಆಮ್ಯಾಲೆ ಏನಂದ್ರು ಗೊತ್ತೇನು? 'ಯಾರೂ ಚೆಲ್ಲಿಲ್ರಿ. ನಮ್ಮ ಗಾಡೀದಾ ರೇಡಿಯೇಟರ್ ಸೋರತೈತಿ.'"

ಹೊಗೆ ಬಿಡುತ್ತದೆ ಅಂದದ್ದಕ್ಕೆ ಹೋಳಿಗೆ ಬಿಟ್ಟು ಎದ್ದಿದ್ದ ಮನುಷ್ಯ. ಆ ಗಾಡಿಯ ಕೊನೆಯ ದಿನ, ಅದರ ಮೇಲೆ ಕೂತೇ, ನನಗಾಗಿ ಅದಕ್ಕೆ ಹೆಸರು ಕೆಡಿಸಿದರು. ನನಗೆ ನಾಚಿಕೆಯಾಯಿತು ಎಂದರೆ ಕಡಿಮೆ. ಅಷ್ಟು ವರ್ಷದ ಮದುವೆ ಮನೆಗಳೆಲ್ಲ ಒಮ್ಮೆಲೇ ನೆನಪಾದವು.

ಎದ್ದು ಹೋಗಿ ಹಚ್ಚೊಳ್ಳಿಗೆ ಫೋನ್ ಮಾಡಿದೆ. ಎಲ್ಲರ ಆರೋಗ್ಯ ವಿಚಾರಿಸಿದೆ, ಕಾಲುವೆಗೆ ನೀರು ಬಿಟ್ಟಾರೇನು ಎಂದು ಕೇಳಿದೆ. ಕೇಳುವುದೆಲ್ಲ ಮುಗಿದ ಮೇಲೆ ಹೇಳಿದೆ: "ಭಾವ, ಅವತ್ತು ಕುರುಗೋಡಿನ್ಯಾಗ ಗಾಲಿಗಿ ಪೂರ್ತಿ ಕೊಡ ನೀರು ಸುರುವಿದ್ದು ನಾನು. ನಿಮ್ಮ ಕ್ಲಚ್ಚಿಂದು ಏನೂ ತಪ್ಪಿದ್ದಿಲ್ಲ."



"ರೇಡಿಯೇಟರಿಂದೂ ತಪ್ಪಿದ್ದಿಲ್ಲಲೇ ಮಾಸ್ತರ," ಎಂದರು ಭಾವ. "ಒಂದು ಹನಿ ಸೋರಿದ್ದಿಲ್ಲ ಅದು."