ಮೈಲೇಜಿಗೆಂದು ಬಿಚ್ಚಿದ ಶಾಫ್ಟು

ಊರಿಗೆಲ್ಲ ಅವನು ಮೈಲೇಜಣ್ಣ. ಹೆತ್ತವರು ಇಟ್ಟ ಹೆಸರು ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ. ಪೇಟೆಯಿಂದ ಸಿಮೆಂಟು, ಹಿಂಡಿ ಮೂಟೆ, ಮನೆ ಬದಲಿಸುವವರ ಮಂಚ ಬೀರು ಹೇರಿಕೊಂಡು ಓಡಾಡುವ ಅವನ ಜೀಪು ಗುಜರಿಯವರ ಕಣ್ಣಿಗೆ ಬಿದ್ದು ಎಷ್ಟೋ ಕಾಲವಾಗಿತ್ತು. ಆದರೂ ಡೀಸೆಲ್ ವಿಷಯದಲ್ಲಿ ಅದನ್ನು ಮೀರಿಸುವ ಗಾಡಿಯೇ ಇಲ್ಲವೆಂದು ಅವನು ಎದೆ ತಟ್ಟಿ ಹೇಳುತ್ತಿದ್ದ. ಎದ್ದವನೇ ಟೈರಿನ ಗಾಳಿ ನೋಡುವುದು, ರೈಲ್ವೆ ಗೇಟು ಬಿದ್ದರೆ ಎಂಜಿನ್ ಆಫ್ ಮಾಡುವುದು, ಮಲಗಿದ ಮಗುವಿನ ಬೆನ್ನು ತಟ್ಟಿದಷ್ಟು ಮೆತ್ತಗೆ ಆಕ್ಸಿಲರೇಟರ್ ಒತ್ತುವುದು. ಗುಟ್ಟೇನೆಂದು ಕೇಳಿದವರಿಗೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು.

"ಮುಂದಿನ ಶಾಫ್ಟ್ ಬಿಚ್ಚಿಬಿಟ್ಟಿದೀನಪ್ಪಾ. ಸುಮ್ನೆ ಅದನ್ನ ತಿರುಗಿಸ್ಕೊಂಡು ಹೋದ್ರೆ ಡೀಸೆಲ್ ದಂಡ."

ಇದರಲ್ಲಿ ಅರ್ಧ ಸುಳ್ಳು. ಶಾಫ್ಟು ಬಿಚ್ಚಿದ್ದು ನಿಜ. ಬಿಚ್ಚಿದವನು ಅವನಲ್ಲ, ಅವನ ತಮ್ಮ.

ಜೀಪು ಇಬ್ಬರದೂ ಆಗಿದ್ದ ಕಾಲವದು. ಸ್ಟೇರಿಂಗು ಅಣ್ಣನದು, ಗಾಡಿಯ ಕೆಳಗಿನ ಲೋಕವೆಲ್ಲ ತಮ್ಮನದು. ಚಕ್ರಗಳಿಗೆ ಎಂಜಿನ್ನಿನ ಬಲ ಒಯ್ಯುವ ಆ ಎರಡು ಉದ್ದನೆಯ ಶಾಫ್ಟುಗಳನ್ನು ಅವನು ಕೈಗೂಸುಗಳಂತೆ ನೋಡಿಕೊಳ್ಳುತ್ತಿದ್ದ. ಅವುಗಳ ತುದಿಯ ಕೀಲುಗಳಲ್ಲಿ, ಅಂದರೆ ಕ್ರಾಸುಗಳಲ್ಲಿ, ಗ್ರೀಸು ಒಣಗಿದರೆ, ಗಾಡಿ ಬೀದಿಯ ಆ ಕೊನೆಯಲ್ಲಿರುವಾಗಲೇ ಅವನ ಕಿವಿಗೆ ಗೊತ್ತಾಗುತ್ತಿತ್ತು. ಒಂದು ದಿನ ಅಣ್ಣನ ಬದಲು ಗುಡ್ಡದ ಬಾಡಿಗೆಗೆ ಹೋದ ತಮ್ಮ, ಅದನ್ನು ಮುಗಿಸಿ ಶೆಡ್ಡಿಗೆ ಬಂದಾಗ ಟ್ಯಾಂಕು ತಳ ಕಂಡಿತ್ತು. ಗಿರಾಕಿಗಳ ಎದುರೇ ಅಣ್ಣ ಸಿಡಿದ. "ಟಾರ್ ರೋಡಿಗೆ ಬಂದ್ಮೇಲೂ ಫೋರ್ ವೀಲಲ್ಲೇ ಓಡ್ಸಿದೀಯಾ? ನೀನು ಗಾಡಿ ಓಡಿಸ್ತೀಯೋ, ಡೀಸೆಲ್ ಕುಡಿಸ್ತೀಯೋ?"

ತಮ್ಮ ಸ್ಪ್ಯಾನರ್ ಹಿಡಿದು ಗಾಡಿಯ ಕೆಳಗೆ ತೂರಿದ. ಸ್ವಲ್ಪ ಹೊತ್ತಿಗೆ ಮುಂದಿನ ಶಾಫ್ಟನ್ನು ಹೆಗಲಿಗೇರಿಸಿ ಹೊರಗೆ ಬಂದ. "ತಗೋ, ಇನ್ನು ಚೆನ್ನಾಗಿ ಮೈಲೇಜ್ ಕೊಡುತ್ತೆ" ಎಂದವನೇ ಶಾಫ್ಟು ಹೊತ್ತುಕೊಂಡೇ ಹೊರಟ. ಗುಡ್ಡದ ಮೇಲೆ ಅವನ ಹೆಂಡತಿಯ ತವರಿತ್ತು. ಅಲ್ಲೇ ನೆಲೆ ನಿಂತ. ಸಿಟ್ಟಿನಲ್ಲಿ ಯಾರಾದರೂ ಬಟ್ಟೆ ಗಂಟು ಕಟ್ಟಿಕೊಂಡು ಹೋಗುತ್ತಾರೆ, ಈ ಮಹಾರಾಯ ಶಾಫ್ಟು ಹೊತ್ತುಕೊಂಡು ಹೋದ!

ಆ ಗುಡ್ಡದ ಏರು ಎಂಥದೆಂದರೆ, ನಾಲ್ಕೂ ಚಕ್ರ ಎಳೆದರೆ ಮಾತ್ರ ಗಾಡಿ ಹತ್ತೀತು. ಮುಂದಿನ ಶಾಫ್ಟಿಲ್ಲದ ಜೀಪು ಅಲ್ಲಿ ಮುಗ್ಗರಿಸಿ ನಿಲ್ಲುವುದೇ ಸೈ. ನಡೆದೋ ಬೇರೆಯವರ ಗಾಡಿ ಹತ್ತಿಯೋ ಹೋಗಲು ಮೈಲೇಜಣ್ಣನಿಗೆ ಮಾನ ಅಡ್ಡ ಬಂತು. ಮಾನವೇನೋ ಉಳಿಯಿತು, ಜೀವ ಮಾತ್ರ ತಮ್ಮನಿಗಾಗಿ ಹಂಬಲಿಸುತ್ತಲೇ ಇತ್ತು. ಗ್ರೀಸು ಹೊಡೆಯಲು ಗಾಡಿಯ ಕೆಳಗೆ ಮಲಗಿದಾಗಲೆಲ್ಲ, ಮುಂದಿನ ಶಾಫ್ಟಿದ್ದ ಖಾಲಿ ಜಾಗವೇ ಕಣ್ಣಿಗೆ ರಾಚುತ್ತಿತ್ತು. ಗ್ರೀಸ್ ಗನ್ನನ್ನು ಅಲ್ಲೇ ಬಿಟ್ಟು, ಅರ್ಧ ಕೆಲಸಕ್ಕೇ ಎದ್ದುಬರುತ್ತಿದ್ದ. ಬಾಡಿಗೆ ಬೇಗ ಮುಗಿದ ಸಂಜೆಗಳಲ್ಲಿ ಖಾಲಿ ಗಾಡಿಯನ್ನು ಗುಡ್ಡದ ಬುಡದವರೆಗೆ ಓಡಿಸುವುದು, ಏರಿನ ಎದುರು ಎಂಜಿನ್ ಆಫ್ ಮಾಡಿ ಕೂರುವುದು, ಕತ್ತಲಾಗುವ ಮುಂಚೆ ತಿರುಗಿ ಬರುವುದು.

"ಉಳಿಸಿದ್ದೆಲ್ಲ ಆ ರಸ್ತೆಗೇ ಸುರಿದು ಬರ್ತೀರಲ್ರೀ, ಇದ್ಯಾವ ಸೀಮೆ ಮೈಲೇಜು?" ಎಂದು ಹೆಂಡತಿ ಕಾಡಿಸುತ್ತಿದ್ದಳು. ಅವನು ಕೇಳಿಸಿಯೂ ಕೇಳಿಸದವನಂತೆ ಕಾಲು ತೊಳೆಯುತ್ತಿದ್ದ.

ಕೊನೆಗೆ ಗುಡ್ಡದಿಂದ ಹಾಲು ತರುವ ಜೀಪಿನವನು ಒಂದು ಬೆಳಿಗ್ಗೆ ಸುದ್ದಿ ಹೇಳಿದ. "ನಿಮ್ಮ ತಮ್ಮಂಗೆ ಕಣ್ಣು ಮಂಜಾಗಿದೆ ಕಣಣ್ಣ. ಆಸ್ಪತ್ರೆಗೆ ಹೋಗು ಅಂದ್ರೆ ನಾಳೆ ನಾಡಿದ್ದು ಅಂತಾನೆ."

ಮಾನ ಅಲ್ಲಿಗೆ ಮುಗಿಯಿತು. ಮೈಲೇಜಣ್ಣ ತನ್ನ ಜೀಪನ್ನು ಏರಿನ ಬುಡದಲ್ಲಿ ನಿಲ್ಲಿಸಿ, ಹಾಲಿನ ಜೀಪಿನ ಹಿಂಭಾಗದಲ್ಲಿ ಖಾಲಿ ಕ್ಯಾನುಗಳ ನಡುವೆ ಕೂತು ಮೇಲೆ ಹೋದ.

ತಮ್ಮನ ಕೋಣೆಯ ಬಾಗಿಲಲ್ಲಿ ಅವನ ಕಾಲುಗಳು ನಿಂತುಬಿಟ್ಟವು. ಒಳಗೆ, ತೊಲೆಗೆ ಕಟ್ಟಿದ ಎರಡು ಹಗ್ಗದ ಕುಣಿಕೆಗಳಲ್ಲಿ ಶಾಫ್ಟು ತೂಗುತ್ತಿತ್ತು. ತುಕ್ಕಿನ ಸುಳಿವಿಲ್ಲ. ಕ್ರಾಸುಗಳಲ್ಲಿ ಹೊಸ ಗ್ರೀಸು ಮಿನುಗುತ್ತಿತ್ತು. ಹತ್ತಿರ ಹೋಗಿ ಬೆರಳಿಂದ ತಿರುಗಿಸಿದರೆ ಸದ್ದಿಲ್ಲದೆ ತಿರುಗಿತು. ಹಿಂದೊಮ್ಮೆ ಅಣ್ಣನೇ ಶಾಫ್ಟು ಕೂರಿಸುವ ಗುರುತಿಗೆ ಇಟ್ಟಿದ್ದ ಬಿಳಿ ಬಣ್ಣದ ಚುಕ್ಕೆ ಕೂಡ ಅಳಿಸಿರಲಿಲ್ಲ.

"ಯಾರದು?" ಮಂಚದಿಂದ ತಮ್ಮ ಕೇಳಿದ.

"ನಾನು ಕಣೋ."

ತಮ್ಮ ಎದ್ದು ಕೂತ. "ಇಷ್ಟು ವರ್ಷ ಯಾಕಣ್ಣ ಬರ್ಲಿಲ್ಲ?"

"ಹೆಂಗೋ ಬರ್ಲಿ? ಶಾಫ್ಟ್ ನಿನ್ಹತ್ರ ಇತ್ತಲ್ಲ. ನೀನ್ಯಾಕೆ ತಂದು ಹಾಕ್ಲಿಲ್ಲ?"

"ಹಾಕೋಕೆ ಗಾಡಿ ನಿನ್ಹತ್ರ ಇತ್ತಲ್ಲ. ನೀನು ಕರೀಲಿ ಅಂತ ಕಾದೆ."

ಇಬ್ಬರೂ ನಕ್ಕರು, ನಗುತ್ತ ನಗುತ್ತ ಅಣ್ಣ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ. ನಾಳೆಯೇ ಆಸ್ಪತ್ರೆ ಎಂದು ತೀರ್ಮಾನವಾಯಿತು. ಮರುದಿನ ಬೆಳಿಗ್ಗೆ ಅಣ್ಣ ಮುಂದೆ, ತಮ್ಮ ಹಿಂದೆ, ನಡುವೆ ಶಾಫ್ಟು ಹಿಡಿದು ನಿಧಾನವಾಗಿ ಏರು ಇಳಿದರು.

ಬುಡದಲ್ಲಿ ನಿಂತಿದ್ದ ಜೀಪಿನ ಕೆಳಗೆ ತಮ್ಮ ಮಲಗಿ, ಬೆರಳುಗಳಲ್ಲೇ ಬೋಲ್ಟಿನ ಜಾಗ ಹುಡುಕಿದ. "ಚುಕ್ಕೆ ಸರಿಯಾಗಿ ಕೂತಿದ್ಯಾ ನೋಡು. ತಪ್ಪಿದ್ರೆ ಗಾಡಿ ಅದುರುತ್ತೆ." ಪಕ್ಕದಲ್ಲೇ ಮಲಗಿದ್ದ ಅಣ್ಣ ನೋಡಿ ಹೂಂ ಅಂದ. ಶಾಫ್ಟು ಕೂತಿತು.

"ಇನ್ನು ನಿನ್ನ ಮೈಲೇಜ್ ಕಥೆ ಮುಗೀತು" ಎಂದ ತಮ್ಮ.

"ಅದೆಲ್ಲಿತ್ತೋ? ಸಂಜೆಯಾದ್ರೆ ಇಲ್ಲಿಗೆ ಬಂದು ಬಂದು ಉಳಿಸಿದ್ದೆಲ್ಲ ಸುಟ್ಟೆ."

"ಗೊತ್ತು. ಗಾಡಿ ಸದ್ದು ಮೇಲಕ್ಕೆ ಕೇಳಿಸ್ತಿತ್ತು." ತಮ್ಮನ ಕೈ ಹಿಂದಿನ ಶಾಫ್ಟನ್ನು ತಡವುತ್ತಿತ್ತು. "ಈ ಕ್ರಾಸ್ ಒಣಗಿದೆ, ಗ್ರೀಸ್ ಹೊಡಿಯೋ ಅಂತ ಅಲ್ಲಿಂದ್ಲೇ ಕೂಗಬೇಕು ಅನ್ನಿಸ್ತಿತ್ತು."

"ಕೂಗಬೇಕಿತ್ತು ಕಣೋ" ಎಂದ ಮೈಲೇಜಣ್ಣ. "ನಾನು ಎಂಜಿನ್ ಆಫ್ ಮಾಡಿ ಕೂರ್ತಿದ್ದುದೇ ಅದಕ್ಕೆ."