ಕ್ಯಾಪ್ಟನ್‌ನ ಅವ್ವನಿಗೆ ದಾಟಿಸಿದ ಮಾತು

ಹರಪನಹಳ್ಳಿಯ ಬಸ್ ನಿಲ್ದಾಣದ ಹಿಂದೆ ನಮ್ಮ ಅಬ್ಬಾ ಪಂಪ್‌ಸೆಟ್ ಮೋಟಾರು ರಿಪೇರಿಯ ಅಂಗಡಿ ಇಟ್ಟಿದ್ದರು. ಈಗ ಅದನ್ನು ನಾನು ನಡೆಸುತ್ತೇನೆ. ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ತಂಬ್ರಹಳ್ಳಿಯ ಕುರಿ ಸಾಕುವ ಮನೆಯವನು, ಹಾಸ್ಟೆಲಿನಲ್ಲಿದ್ದ. ಭಾನುವಾರ ಬಂದರೆ ಸೀದಾ ನಮ್ಮ ಅಡುಗೆಮನೆಗೆ ನುಗ್ಗುವನು. ಅಮ್ಮಿ ಉರ್ದುವಿನಲ್ಲಿ ಬಯ್ಯುವಳು, ಅವನು ಕನ್ನಡದಲ್ಲಿ ಉತ್ತರ ಕೊಡುವನು. ಇಬ್ಬರಿಗೂ ಎಲ್ಲ ಅರ್ಥವಾಗುತ್ತಿತ್ತು. ಶಾಲೆಗೆ ಸೂಜಿ ಹಾಕುವವರು ಬಂದ ದಿನ ಕಾಂಪೌಂಡು ಹಾರಿ ಓಡಿಹೋದವನು ಅವನೊಬ್ಬನೇ. ಅಂಥವನು ಪರೀಕ್ಷೆ ಬರೆದು ಸೈನ್ಯ ಸೇರಿ, ಕಾಲಾಳು ಪಡೆಯಲ್ಲಿ ಕ್ಯಾಪ್ಟನ್ ಆದ.

ಕೊನೆಯ ಸಲ ರಜೆಗೆ ಬಂದಾಗ ಲುಂಗಿ ಉಟ್ಟು ನಮ್ಮ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ. ಚಹಾ ತಂದ ಅಮ್ಮಿ ಕೇಳಿದಳು: "ಅಲ್ಲಿ ನಿನಗ ಹೆದರಿಕಿ ಆಗಂಗಿಲ್ಲೇನೋ?"

"ಆಕ್ಕತಿ ಅಮ್ಮಿ, ಯಾಕ ಆಗಂಗಿಲ್ಲ? ಆದ್ರ ಹಿಂದ ಬರೋರಿಗೆ ನನ್ನ ಬೆನ್ನಷ್ಟೇ ಕಾಣ್ತತಿ. ಮಾರಿ ಕಾಣಂಗಿಲ್ಲ," ಎಂದು ನಕ್ಕ.

ಆಮೇಲೆ ಗಡಿಯ ಬೆಟ್ಟಗಳಲ್ಲಿ ಯುದ್ಧ ಶುರುವಾಯಿತು. ಗುಂಡು ತಗುಲಿ ಬಿದ್ದಿದ್ದ ತನ್ನ ಇಬ್ಬರು ಜವಾನರನ್ನು ಇಳಿಜಾರಿನಿಂದ ಎಳೆದು ತಂದು ಬಂಡೆಯ ಮರೆಗೆ ಸೇರಿಸಿ, ಮೂರನೆಯವನಿಗಾಗಿ ಹೋದಾಗ ಅವನಿಗೇ ಗುಂಡು ಬಿತ್ತು. ಅವನನ್ನು ಮಣ್ಣು ಮಾಡಿದ ದಿನ ಕೊಟ್ಟೂರು, ಹಡಗಲಿ, ಕೂಡ್ಲಿಗಿ ಕಡೆಯಿಂದೆಲ್ಲ ಜನ ಬಂದಿದ್ದರು. ಮುಂದೆ ಅವನ ಹೆಸರಿಗೆ ಶೌರ್ಯ ಪದಕ ಬಂತು. ಅವನ ಅವ್ವ ದಿಲ್ಲಿಗೆ ಹೋಗಿ ಅದನ್ನು ಇಸಕೊಂಡು ಬಂದರು, ಮೈಲಾರಲಿಂಗನ ಪಟದ ಕೆಳಗೆ ಇಟ್ಟರು. ನೋಡಲು ಬಂದವರಿಗೆಲ್ಲ ತೋರಿಸಿದರು. ಅತ್ತದ್ದನ್ನು ಮಾತ್ರ ನಾನು ನೋಡಲಿಲ್ಲ.

ಮರುವರ್ಷ ಒಂದು ಮುಂಜಾನೆ ಅವ್ವನಿಂದ ಫೋನು ಬಂತು. "ತಮ್ಮಾ, ಅವನ ಜೋಡಿ ಇದ್ದ ಸಿಪಾಯಿ ಬಂದಾನ. ಏನೋ ಹೇಳ್ತಾನ, ನನಗ ತಿಳಿವಲ್ದು. ನಿಮ್ಮ ಮನಿ ಮಾತಿನಂಗ ಐತಿ. ಜಲ್ದಿ ಬಾ."

ಬೈಕು ಹತ್ತಿ ತಂಬ್ರಹಳ್ಳಿಗೆ ಹೋದೆ. ಕಟ್ಟೆಯ ಮೇಲೆ ಹಾಸಿದ ಕಂಬಳಿಯ ತುದಿಯಲ್ಲಿ ಒಬ್ಬ ಎತ್ತರದ ಪಂಜಾಬಿ ಮನುಷ್ಯ ಮೈ ಕುಗ್ಗಿಸಿಕೊಂಡು ಕೂತಿದ್ದ. ಅವನ ತಟ್ಟೆಯಲ್ಲಿದ್ದ ರೊಟ್ಟಿ ಮುಟ್ಟದ ಹಾಗೇ ಇತ್ತು. ಅವ್ವ ಎದುರಿಗೆ ನೆಲದ ಮೇಲೆ ಕೂತಿದ್ದರು. ನಾನು ಕೂತ ಕೂಡಲೇ ಹೇಳಿದರು: "ಕೊನಿಗೆ ನನ್ನ ಮಗ ಏನಂದ, ಕೇಳು."

ಕೇಳಿದೆ. ಸಿಪಾಯಿ ನನ್ನ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದ: "ಸಾಹೇಬರ ಹೊಟ್ಟೆಗೆ ಗುಂಡು ಬಿದ್ದಿತ್ತು. ತಲೆ ನನ್ನ ತೊಡೆಯ ಮೇಲಿತ್ತು. ನೀರು ಬೇಡಿದರು. ನನ್ನ ಬಾಟಲಿಯಲ್ಲಿ ನೀರಿತ್ತು. ಹೊಟ್ಟೆಯ ಗಾಯಕ್ಕೆ ನೀರು ಕೊಡಬಾರದು ಎಂದು ನಮಗೆ ಕಲಿಸಿದ್ದಾರೆ. ಕೆಳಗೆ ಡಾಕ್ಟರ ಹತ್ತಿರ ಮುಟ್ಟಿಸಿದರೆ ಉಳಿಯುತ್ತಾರೆ ಅಂದುಕೊಂಡೆ. ಕೊಡಲಿಲ್ಲ. ದಾರಿಯಲ್ಲೇ ಹೋದರು."

"ಅಮ್ಮನಿಗೆ ಇದನ್ನು ಹೇಳಲೆಂದೇ ಬಂದಿದ್ದೇನೆ. ಹೇಳು," ಎಂದ.

'ನಿನ್ನನ್ನು ನೆನೆಸಿದನಂತೆ ಅವ್ವ' ಎಂದುಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವನು ಅಷ್ಟು ದೂರದಿಂದ ಹೊತ್ತು ತಂದದ್ದನ್ನು ನಡುವೆ ಮುಚ್ಚಿಡಲು ನಾನು ಯಾರು? ಅವ್ವ ನನ್ನ ಮುಖವನ್ನೇ ನೋಡುತ್ತಿದ್ದರು.

"ಇದ್ದದ್ದು ಇದ್ದಂಗ ಹೇಳು ತಮ್ಮಾ."

ಹೇಳಿದೆ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಭುಜ ಅಲುಗುತ್ತಿತ್ತು. ಸಿಪಾಯಿ ತಲೆ ತಗ್ಗಿಸಿದ. ಸ್ವಲ್ಪ ಹೊತ್ತಿಗೆ ಅವ್ವ ಎದ್ದು ಒಳಗೆ ಹೋದರು. ತಿರುಗಿ ಬರುತ್ತಾರೋ ಇಲ್ಲವೋ ಎಂದು ನನಗೆ ಅಂಜಿಕೆಯಾಯಿತು. ಬಂದರು, ಕೈಯಲ್ಲಿ ನೀರಿನ ತಂಬಿಗೆ ಇತ್ತು. ಅದನ್ನು ಅವನ ಮುಂದೆ ಹಿಡಿದರು.

"ಉಳೀಲಿ ಅಂತ ಕೊಡಲಿಲ್ಲ ನೀನು. ನಾ ಇದ್ದಿದ್ರೂ ಉಳೀಲಿ ಅಂತಿದ್ದೆ. ಕುಡಿಯಪ್ಪಾ."

ಇದನ್ನು ನಾನು ಹಿಂದಿಗೆ ಹಾಕುವ ಮೊದಲೇ ಅವನು ತಂಬಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಕುಡಿಯುತ್ತಾ ಅತ್ತ. ಅವ್ವ ಅವನ ಹಣೆಗೆ ಮೈಲಾರಲಿಂಗನ ಭಂಡಾರದ ಅರಿಶಿನ ಹಚ್ಚಿದರು. ತಣ್ಣಗಾಗಿದ್ದ ರೊಟ್ಟಿ ತೆಗೆದು ಬಿಸಿಯದು ಹಾಕಿದರು. ಈ ಸಲ ಉಂಡ.

ಆಮೇಲೆ ಅವ್ವ ತಾವೇ ಅವನಿಗೆ ಮಗನ ಸೂಜಿಯ ಕಥೆ ಹೇಳಿದರು. ನಾನು ದಾಟಿಸಿದೆ. ಅವನು ನಂಬಲಿಲ್ಲ. ನಮ್ಮ ಸಾಹೇಬರೇ, ಸೂಜಿಗೇ, ಎಂದು ಮತ್ತೆ ಮತ್ತೆ ಕೇಳಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕ.

ಸಿಪಾಯಿ ಈಗ ಪಿಂಚಣಿ ಪಡೆದು ಪಂಜಾಬಿನ ತನ್ನ ಊರಲ್ಲಿ ಗೋಧಿ ಬೆಳೆಯುತ್ತಾನೆ. ಆಗಾಗ ನನಗೆ ವಿಡಿಯೋ ಕಾಲ್ ಮಾಡುತ್ತಾನೆ. ನಾನು ತಂಬ್ರಹಳ್ಳಿಗೆ ಹೋಗಿ ಕಟ್ಟೆಯ ಮೇಲೆ ಮೊಬೈಲು ಹಿಡಿದು ಕೂರುತ್ತೇನೆ. ಮಗನ ಮಾತನ್ನು ಇಬ್ಬರೂ ಈಗ ಅಷ್ಟಾಗಿ ಎತ್ತುವುದಿಲ್ಲ. ಮೊನ್ನೆ ಅವನು ಹೊಸದಾಗಿ ತಂದ ಎಮ್ಮೆಯನ್ನು ತೋರಿಸಿದ. ಅವ್ವ ಕಣ್ಣು ಕಿರಿದು ಮಾಡಿ ನೋಡಿ, "ಕೊಂಬು ಚಲೋ ಅದಾವು. ಹಾಲು ಎಷ್ಟು ಕೊಡ್ತತಿ, ಕೇಳು," ಎಂದರು.