ಒಂದೇ ಸಾಲಿನಲ್ಲಿ ಕುಳಿತವರು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಿಂದಿನ ಒಂದು ತಗಡಿನ ಶೆಡ್ಡಿನಲ್ಲಿ ನಾನು ಹನ್ನೆರಡು ವರ್ಷ ಮೆಣಸಿನಕಾಯಿಯ ತೊಟ್ಟು ಬಿಡಿಸಿದ್ದೇನೆ. ಸುಗ್ಗಿ ಶುರುವಾಯಿತೆಂದರೆ ಬೆಳಿಗ್ಗೆ ಎಂಟಕ್ಕೆ ಕದರಮಂಡಲಗಿ ಕಡೆಯ ನಮ್ಮೂರಿನಿಂದ ಟಂಟಂ ಹತ್ತುತ್ತಿದ್ದೆ; ಮನೆಗೆ ಮರಳುವ ಹೊತ್ತಿಗೆ ಸಂಜೆ ದೀಪ ಹಚ್ಚಿರುತ್ತಿದ್ದರು. ಮೂವತ್ತು ಹೆಂಗಸರು ಗೋಣಿತಟ್ಟು ಹಾಸಿಕೊಂಡು ಉದ್ದಕ್ಕೂ ಸಾಲಾಗಿ ಕೂರುತ್ತಿದ್ದೆವು. ಎದುರಿಗೆ ಕೆಂಪು ರಾಶಿ, ಮೂಗು ಬಾಯಿಗೆ ಬಿಗಿದ ಸೆರಗು. ಮೊದಲ ವಾರ ಕೈ ಉರಿದು ರೊಟ್ಟಿ ತಟ್ಟಲೂ ಆಗುತ್ತಿರಲಿಲ್ಲ. ಆಮೇಲೆ ಕೈಗೆ ರೂಢಿಯಾಗುತ್ತಿತ್ತು. ಕಣ್ಣಿಗೆ ಮಾತ್ರ ಎಂದೂ ಆಗಲಿಲ್ಲ.

ನನ್ನ ಎಡಕ್ಕೆ ಕೂರುತ್ತಿದ್ದವರನ್ನು ಎಲ್ಲರೂ ಆಪಾ ಎನ್ನುತ್ತಿದ್ದೆವು. ಬ್ಯಾಡಗಿಯವರೇ, ನನಗಿಂತ ಹತ್ತು ವರ್ಷ ದೊಡ್ಡವರು. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಒಬ್ಬರೇ ಸಾಕಿದವರು. ನನ್ನ ಮಗಳಿಗೆ ಕಾಮಾಲೆಯಾದಾಗ ಮೂರು ದಿನ ನನ್ನ ಪಾಲಿನ ಚೀಲವನ್ನೂ ಅವರೇ ಬಿಡಿಸಿ, ಶೆಡ್ಡಿನ ಕೆಲಸ ನೋಡಿಕೊಳ್ಳುವ ಮುಕಾದಮನ ಎದುರು ನನ್ನ ಹೆಸರಿಗೆ ತೂಗಿಸಿದ್ದರು. ಬಲಕ್ಕೆ ಕೂರುತ್ತಿದ್ದವಳು ನಮ್ಮೂರಿನವಳು, ದಲಿತ ಕೇರಿಯವಳು. ಇಬ್ಬರೂ ಒಂದೇ ವರ್ಷ ಹತ್ತನೇ ಇಯತ್ತೆಯ ಪರೀಕ್ಷೆಗೆ ಕೂತಿದ್ದೆವು. ಅವಳು ಮೊದಲ ಸಲಕ್ಕೇ ಪಾಸಾದಳು, ನಾನು ಗಣಿತದಲ್ಲಿ ಫೇಲಾದೆ. ಶೆಡ್ಡಿನಲ್ಲಿ ಅವಳಷ್ಟು ಚುರುಕು ಕೈ ಇನ್ನೊಂದಿರಲಿಲ್ಲ. ಅವಳನ್ನು ನಾನು ಗೆಳತಿ ಎಂದೇ ಅಂದುಕೊಂಡಿದ್ದೆ. ಅವಳು ನನ್ನನ್ನು ಏನೆಂದುಕೊಂಡಿದ್ದಳು ಎಂದು ಕೇಳಿರಲಿಲ್ಲ.

ಆ ವರ್ಷ ಸುಗ್ಗಿಯ ನಡುವೆ ಬೇರೆ ಯಾವುದೋ ಊರಿನ ಜಗಳದ ವಿಡಿಯೋಗಳು ಎಲ್ಲರ ಫೋನಿಗೂ ಬರತೊಡಗಿದವು. ಯಾವ ಊರು, ಯಾವ ಜಗಳ, ಅದು ಈ ವರ್ಷದ್ದೋ ಹಳೆಯದೋ ಯಾರಿಗೂ ಖಾತ್ರಿಯಿರಲಿಲ್ಲ. ಆದರೂ ಟಂಟಂನಲ್ಲಿ ಹೆಂಗಸರು ತಲೆಗೆ ತಲೆ ಹಚ್ಚಿ ನೋಡುತ್ತಿದ್ದರು. ಶೆಡ್ಡಿನಲ್ಲಿ ಆಪಾ ಹತ್ತಿರ ಬಂದರೆ ಫೋನು ಸೆರಗಿನೊಳಗೆ ಹೋಗುತ್ತಿತ್ತು. ಒಂದು ಬೆಳಿಗ್ಗೆ ನಾವು ಶೆಡ್ಡಿಗೆ ಹೋದಾಗ ಹಿಂದಿನ ಗೋಡೆಯ ಪಕ್ಕ ಬೇರೆ ರಾಶಿ ಸುರಿದಿತ್ತು, ಅದರ ಬದಿಗೆ ನೀರಿನ ಹೊಸ ಡ್ರಮ್ಮು. ಮುಸಲ್ಮಾನ ಹೆಂಗಸರೆಲ್ಲ ಇನ್ನು ಮುಂದೆ ಅಲ್ಲಿ ಕೂರಬೇಕು, ಅಲ್ಲಿಯ ನೀರನ್ನೇ ಕುಡಿಯಬೇಕು ಎಂದು ಮುಕಾದಮ ಹೇಳಿದ. ಕೆಟ್ಟ ದನಿಯಲ್ಲೇನೂ ಹೇಳಲಿಲ್ಲ. ಇದು ಮಾಲೀಕರ ಮಾತು, ನನ್ನದಲ್ಲ, ಸುಮ್ಮನೆ ಗಲಾಟೆ ಆಗಬಾರದು, ಶಾಂತಿ ಇರಲಿ ಅಂತ ಮಾಡಿದ್ದು ಎಂದ.

ಅವರು ಒಟ್ಟು ಎಂಟು ಜನ. ಏಳು ಮಂದಿ ತಟ್ಟು ಸುತ್ತಿಕೊಂಡು ಎದ್ದರು. ಆಪಾ ಕೂಡ ಗೋಣಿತಟ್ಟು ಸುತ್ತಿಕೊಳ್ಳತೊಡಗಿದರು. ನಾನು ಅವರ ಕೈ ಹಿಡಿದೆ. ಬಿಡಿಸಿಕೊಂಡರು. ಇಬ್ಬರು ಹೆಣ್ಣುಮಕ್ಕಳ ಮದುವೆ ಆಗಬೇಕಾಗಿದೆ, ಈ ವಯಸ್ಸಿನಲ್ಲಿ ನನಗೆ ಜಗಳ ಬೇಡ ಎಂದು ಮೆಲ್ಲಗೆ ಹೇಳಿ ಹಿಂದಕ್ಕೆ ಹೋದರು. ನನಗೆ ಮೈಯೆಲ್ಲ ಉರಿಯಿತು. ನನ್ನ ತಟ್ಟನ್ನೂ ಎತ್ತಿಕೊಂಡು ಹೋಗಿ ಆಪಾನ ಪಕ್ಕ ಹಾಸಿ ಕುಳಿತೆ. ಮುಕಾದಮ ನನ್ನನ್ನು ಕರೆದ, ನಾನು ಏಳಲಿಲ್ಲ. ಇನ್ನೂ ನಾಲ್ಕೈದು ಜನ ಬಂದು ಕುಳಿತರು. ಗೆಳತಿ ಬಂದೇ ಬರುತ್ತಾಳೆ ಎಂದು ಅವಳತ್ತ ನೋಡುತ್ತಿದ್ದೆ. ಅವಳು ತಲೆ ಎತ್ತಲಿಲ್ಲ. ಅವಳ ಬೆರಳು ಎಂದಿನ ಹಾಗೆ ಓಡುತ್ತಿದ್ದವು.

ಬುತ್ತಿ ಬಿಚ್ಚುವ ಹೊತ್ತಿಗೆ ನಾನು ಅವಳ ಬಳಿ ಹೋಗಿ ಯಾಕೆ ಬರಲಿಲ್ಲ ಎಂದು ಕೇಳಿದೆ. ಕೇಳಿದ್ದು ಸ್ವಲ್ಪ ಜೋರಾಗಿಯೇ. ಅವಳು ರೊಟ್ಟಿ ಮುರಿಯುತ್ತ ಉತ್ತರ ಕೊಟ್ಟಳು.

"ಹನ್ನೆರಡು ವರ್ಷದಿಂದ ನಾ ಬೊಗಸಿ ಒಡ್ಡಿ ನೀರು ಕುಡ್ಯಾಕತ್ತೇನಿ. ಮ್ಯಾಲಿಂದ ಹನಿಸಾಕಿ ನೀನ ಅದೀ. ಆಪಾನ್ನ ಎಬ್ಬಿಸಿದ್ದಕ್ಕ ಇವತ್ತ ನಿನಗ ಸಿಟ್ಟ ಬಂತು. ನನ್ನ ಸಲುವಾಗಿ ಯಾವತ್ತ ಬಂದಿತ್ತು, ಹೇಳು."

ಅವಳು ಹೇಳಿದ್ದು ನಿಜ. ಶೆಡ್ಡಿನ ಬಾಗಿಲ ಬಳಿ ಒಂದು ಡ್ರಮ್ಮು, ಅದರ ಮೇಲೆ ಒಂದು ಸ್ಟೀಲಿನ ಚರಿಗೆ. ನಾವೆಲ್ಲ ಅದ್ದಿ ಕುಡಿಯುತ್ತಿದ್ದೆವು. ಕೇರಿಯ ಆರು ಹೆಂಗಸರು ಮಾತ್ರ ಡ್ರಮ್ಮಿನಿಂದ ದೂರ ನಿಂತು ಬೊಗಸೆ ಒಡ್ಡುತ್ತಿದ್ದರು, ನಮ್ಮಲ್ಲಿ ಯಾರಾದರೂ ಎತ್ತರದಿಂದ ಸುರಿಯುತ್ತಿದ್ದೆವು. ಅವಳಿಗೆ ಸುರಿಯುತ್ತಿದ್ದವಳು ಹೆಚ್ಚಾಗಿ ನಾನೇ. ಅದನ್ನು ನಾನು ಸ್ನೇಹ ಎಂದುಕೊಂಡಿದ್ದೆ. ಬೇರೆಯವರು ಬೇಸರ ಮಾಡಿಕೊಂಡು ಸುರಿಯುತ್ತಾರೆ, ನಾನು ನಗುತ್ತ ಸುರಿಯುತ್ತೇನೆ ಎಂದು ಒಳಗೊಳಗೆ ಹೆಮ್ಮೆಯೂ ಇತ್ತು. ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಆಪಾ ಕೂಡ ಸುರಿದಿದ್ದರು. ಆ ಮಾತು ಅವರಿಗೂ ಕೇಳಿಸಿತ್ತು, ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು ಕುಳಿತಿದ್ದರು.

ಮರುದಿನ ಟಂಟಂ ಬರುವ ಮೊದಲು ನಾನು ಕೇರಿಗೆ ಹೋದೆ. ಅದೇ ಊರಿನಲ್ಲಿ ಮದುವೆಯಾಗಿ ಬದುಕಿದರೂ ಅವಳ ಮನೆಯ ಹೊಸ್ತಿಲು ದಾಟಿರಲಿಲ್ಲ. ಅವಳು ಒಲೆಯ ಮುಂದೆ ಇದ್ದಳು. ಕುಡಿಯಲು ನೀರು ಕೇಳಿದೆ. ಕೊಟ್ಟಳು, ಕುಡಿದೆ. ಅವಳು ಸಂತೋಷಪಡುತ್ತಾಳೆ ಎಂದು ನಾನು ಕಾದಿದ್ದೆನೋ ಏನೋ. ಅವಳು ತಂಬಿಗೆ ತಿರುಗಿ ಇಸಿದುಕೊಂಡು, ಇಲ್ಲಿ ನಾಲ್ಕು ಗೋಡೆಯೊಳಗೆ ಕುಡಿಯುವುದು ಸುಲಭ ಎಂದಳು. "ಅಲ್ಲಿ ಎಲ್ಲಾರ ಮುಂದ ಕುಡಿ. ಆವಾಗ ನಾ ನಿನ್ನ ಜೋಡಿ ಎಲ್ಲಿಗೆ ಬೇಕಂದ್ರ ಅಲ್ಲಿಗೆ ಬರ್ತೇನಿ."

ಆ ದಿನ ಹತ್ತು ಗಂಟೆಯ ಸುಮಾರಿಗೆ ಅವಳು ತನ್ನ ಜಾಗದಿಂದ ಎದ್ದಳು. ನೇರ ಬಾಗಿಲ ಬಳಿಯ ಡ್ರಮ್ಮಿಗೆ ಹೋಗಿ, ಚರಿಗೆ ತಾನೇ ಅದ್ದಿ, ತುಟಿ ಹಚ್ಚಿ ಕುಡಿದಳು. ಉಳಿದವರೆಲ್ಲರ ಕೈ ನಿಂತವು. ನಾನೂ ಎದ್ದು ಹೋದೆ. ಅದೇ ಚರಿಗೆಯಲ್ಲಿ ಉಳಿದಿದ್ದ ನೀರನ್ನು ಕುಡಿದೆ. ತಿರುಗಿ ನೋಡಿದರೆ ಹಿಂದೆ ಆಪಾ ನಿಂತಿದ್ದರು. ಜಗಳ ಬೇಡ ಎಂದಿದ್ದ ಆಪಾ. ಅವರು ಚರಿಗೆ ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ, ಗೆಳತಿಯ ಕೈಗೆ ಕೊಡಿಸಿ, ಅವಳೇ ಅದ್ದಿ ಕೊಡುವವರೆಗೆ ಕಾದು, ಆಮೇಲೆ ಕುಡಿದರು. ಒಬ್ಬೊಬ್ಬರಾಗಿ ಹೆಂಗಸರು ಎದ್ದರು. ಹನ್ನೊಂದು ಜನ ಏಳಲೇ ಇಲ್ಲ. ಅವರಲ್ಲಿ ನನ್ನ ಗಂಡನ ಸ್ವಂತ ಅಕ್ಕನೂ ಇದ್ದಳು.

ಮುಕಾದಮ ಬಂದು ಡ್ರಮ್ಮನ್ನು ಒದ್ದು ಉರುಳಿಸಿದ. ನೀರು ರಾಶಿಯ ಕಡೆಗೆ ಹರಿಯಿತು, ಹೆಂಗಸರು ಓಡಿ ಗೋಣಿ ಅಡ್ಡ ಹಾಕಿದೆವು. ಕಾಯಿ ತೊಯ್ದರೆ ಬೂಷ್ಟು ಹಿಡಿಯುತ್ತದೆ ಎಂಬುದು ಸಿಟ್ಟಿನಲ್ಲೂ ನಮಗೆ ನೆನಪಿತ್ತು, ಅವನಿಗಿರಲಿಲ್ಲ. ಕುಡಿದವರೆಲ್ಲ ಹೊರಗೆ ನಡೆಯಿರಿ ಎಂದ. ಹತ್ತೊಂಬತ್ತು ಜನ ಹೊರಗೆ ಬಂದೆವು. ಮನೆಗೆ ಹೋಗಲಿಲ್ಲ. ಶೆಡ್ಡಿನ ಗೇಟಿನ ಎದುರು, ಕಾಯಿ ತುಂಬಿದ ಟ್ರ್ಯಾಕ್ಟರುಗಳು ಹಾಯುವ ರಸ್ತೆಯ ಬದಿಗೆ, ಅದೇ ಗೋಣಿತಟ್ಟು ಹಾಸಿ ಕುಳಿತೆವು.

ನಾಲ್ಕು ದಿನ ಕುಳಿತೆವು. ಎರಡನೇ ದಿನ ರಾಣೇಬೆನ್ನೂರಿನಿಂದ ಒಬ್ಬರು ವಕೀಲರು ಬಂದರು, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಯಾರೋ ತೆಗೆದ ನಮ್ಮ ವಿಡಿಯೋ ನೋಡಿ ತಾವಾಗಿಯೇ ಬಂದಿದ್ದರು. ನೀರಿನಲ್ಲಿ ಭೇದ ಮಾಡುವುದು ಕಾನೂನಿನ ಪ್ರಕಾರ ಅಪರಾಧ, ದೂರು ಕೊಟ್ಟರೆ ಮಾಲೀಕನ ಮೇಲೂ ಕೇಸು ಆಗುತ್ತದೆ ಎಂದು ತಿಳಿಸಿದರು. ಹಾಗಾದರೆ ಹನ್ನೆರಡು ವರ್ಷ ನೀರು ಸುರಿದ ನಾನೂ ಅಪರಾಧಿಯೇ ಅಲ್ಲವೇ ಎಂದು ನಾನು ಕೇಳಿದೆ. ಅವರು ಗೆಳತಿಯ ಕಡೆ ನೋಡಿದರು. ಗೆಳತಿ ದೂರು ಬರೆಸಿದಳು. ಅದರಲ್ಲಿ ತನ್ನ ನೀರಿನ ಮಾತು ಮೊದಲು, ಆಪಾನ ಸಾಲಿನ ಮಾತು ನಂತರ ಬರಬೇಕು, ಎರಡರಲ್ಲಿ ಒಂದನ್ನೂ ಬಿಡಬಾರದು ಎಂದು ಹಟ ಹಿಡಿದಳು. ಬರೆದದ್ದನ್ನು ತಾನೇ ಎರಡು ಸಲ ಓದಿ ನೋಡಿದಳು.

ಆ ದೂರು ಹಿಡಿದು ಹತ್ತೊಂಬತ್ತು ಜನ ಬಸ್ಸಿನಲ್ಲಿ ಹಾವೇರಿಗೆ ಹೋದೆವು. ಜಿಲ್ಲಾಧಿಕಾರಿ ಕಚೇರಿಯಲ್ಲಿ ಊಟದ ಹೊತ್ತಿನವರೆಗೆ ಕೂರಿಸಿದರು, ಊಟ ಮುಗಿದ ಮೇಲೂ ಕೂರಿಸಿದರು. ಒಬ್ಬರೇ ಒಳಗೆ ಬನ್ನಿ, ನಿಮ್ಮ ಮುಖಂಡರು ಯಾರು ಎಂದು ಕೇಳಿದರು. ಮುಖಂಡರು ಯಾರೂ ಇಲ್ಲ, ಬಂದರೆ ಎಲ್ಲರೂ ಬರುತ್ತೇವೆ ಎಂದೆವು. ಒಳಗೆ ಕುರ್ಚಿ ಸಾಲಲಿಲ್ಲ, ನೆಲದ ಮೇಲೆ ಕುಳಿತೆವು. ನಮ್ಮ ಮೈಯಲ್ಲಿದ್ದ ಖಾರದ ಘಾಟಿಗೆ ಸಾಹೇಬರು ಸೀನುತ್ತಲೇ ಅರ್ಜಿ ಓದಿದರು, ಎರಡು ದಿನದಲ್ಲಿ ವಿಚಾರಣೆಗೆ ಜನ ಕಳಿಸುತ್ತೇನೆ ಎಂದರು. ಕಳಿಸಿದರು ಕೂಡ.

ಆದರೆ ನನಗೆ ಹೆಚ್ಚು ನೆನಪಿರುವುದು ಅದರ ಹಿಂದಿನ ದಿನದ ನಡಿಗೆ. ಸುಮ್ಮನೆ ಗೇಟಿನ ಮುಂದೆ ಕುಳಿತರೆ ಊರಿಗೆ ತಿಳಿಯುವುದಿಲ್ಲ ಎಂದು ಬ್ಯಾಡಗಿಯ ಪೇಟೆಯೊಳಗೆ ನಡೆದು ಬರಲು ತೀರ್ಮಾನಿಸಿದೆವು. ಘೋಷಣೆ ಕೂಗಲು ನಮಗೆ ಬರುತ್ತಿರಲಿಲ್ಲ. ಮೂರು ಮೂರು ಜನ ಕೈ ಹಿಡಿದು, ಆಪಾನ ಓಣಿಯಿಂದ ಹೊರಟು, ಪೇಟೆಯ ನಟ್ಟನಡುವೆ ಹಾಯ್ದು ಶೆಡ್ಡಿಗೆ ಬಂದೆವು. ಹೊರಡುವ ಮೊದಲು ಆಪಾ ಮುಖಕ್ಕೆ ಕಟ್ಟಿದ ಬಟ್ಟೆ ಬಿಚ್ಚಲು ಎಲ್ಲರಿಗೂ ಹೇಳಿದರು. ಕಳ್ಳತನ ಮಾಡಿದವರ ಹಾಗೆ ಯಾಕೆ ಹೋಗಬೇಕು ಎಂದರು. ಅಂಗಡಿಗಳಿಂದ ಜನ ಹೊರಬಂದು ನಿಂತರು. ಕೆಲವರು ನಕ್ಕರು, ಒಬ್ಬ ಚಹಾದಂಗಡಿಯವನು ತಾನಾಗಿಯೇ ನೀರು ತಂದುಕೊಟ್ಟ. ಒಬ್ಬ ಗಂಡಸು ಫೋನನ್ನು ನನ್ನ ಮುಖಕ್ಕೇ ಹಿಡಿದು, ಇದನ್ನು ಊರೆಲ್ಲ ಹಂಚುತ್ತೇನೆ, ನಿನ್ನ ಮನೆಯವರು ನೋಡಲಿ ಎಂದ. ನಾನು ನಿಂತೆ.

"ಚಂದಂಗ ತಗೀರಿ. ಮಾರಿ ಪೂರಾ ಕಾಣಬೇಕು. ನಮ್ಮ ಮನ್ಯಾಗ ಎಲ್ಲಾರ್ಗೂ ಕಣ್ಣು ಕಡಿಮಿ ಅದಾವ."

ಅದು ನಿಜಕ್ಕೂ ನಮ್ಮ ಮನೆಯವರೆಗೆ ತಲುಪಿತು. ಗಂಡ ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ ಅನ್ನಕ್ಕೆ ಉಪ್ಪು ಕಡಿಮೆಯಾಗಿದೆ ಎಂದ. ಅವನ ಅಕ್ಕ ಇಂದಿಗೂ ನನ್ನ ಮನೆಯಲ್ಲಿ ಊಟಕ್ಕೆ ಕೈ ತೊಳೆಯುವುದಿಲ್ಲ. ತೊಳೆಯದಿರಲಿ.

ವಿಚಾರಣೆಯವರು ಬಂದು ಹೋದ ಮೇಲೆ ಮಾಲೀಕ ತಾನೇ ಶೆಡ್ಡಿಗೆ ಬಂದ. ಹೊಸ ಡ್ರಮ್ಮು ತೆಗೆಸಿದ, ಸಾಲು ಒಂದೇ ಎಂದ, ಚರಿಗೆಯನ್ನು ಯಾರು ಬೇಕಾದರೂ ಅದ್ದಬಹುದು ಎಂದು ಎಲ್ಲರ ಮುಂದೆ ಹೇಳಿದ. ಆದರೆ ಗೆಳತಿ, ಆಪಾ, ನಾನು, ಮೂವರು ಮಾತ್ರ ತಪ್ಪಾಯಿತೆಂದು ಬರೆದುಕೊಟ್ಟರೆ ಒಳಗೆ ಬರಬಹುದು ಎಂದ. ಉಳಿದ ಹದಿನಾರು ಜನ ನಾವೂ ಹೋಗುವುದಿಲ್ಲ ಎಂದು ಕುಳಿತೇ ಇದ್ದರು. ಗೆಳತಿಯೇ ಅವರನ್ನು ಎಬ್ಬಿಸಿ ಕಳಿಸಿದಳು. ಗೆದ್ದ ಜಾಗವನ್ನು ಖಾಲಿ ಬಿಟ್ಟರೆ ಮತ್ತೆ ಹಳೆಯದೇ ಶುರುವಾಗುತ್ತದೆ, ಒಳಗೆ ಹೋಗಿ ಕುಳಿತು ದಿನಾ ಅದೇ ಚರಿಗೆಯಲ್ಲಿ ಕುಡಿಯಿರಿ ಎಂದಳು. ಅವರು ಹೋದರು.

ಅದಾದ ಮೂರನೇ ದಿನ ಆಪಾ ತಪ್ಪಾಯಿತೆಂದು ಬರೆದುಕೊಟ್ಟರು. ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಅವರ ಓಣಿಗೆ ಹೋಗಿ, ನಿಮ್ಮ ಸಲುವಾಗಿಯೇ ಎದ್ದವಳು ನಾನು ಎಂದು ಬಾಗಿಲಲ್ಲೇ ನಿಂತು ಜಗಳ ಮಾಡಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಒಳಗೆ ದೊಡ್ಡ ಮಗಳು ಹೊಲಿಗೆ ಯಂತ್ರ ನಿಲ್ಲಿಸಿ ನೋಡುತ್ತಿದ್ದಳು. ಆಪಾ ಹೇಳಿದ್ದು ಇಷ್ಟೇ: "ನೀ ಬ್ಯಾರೇ ಕಡೆ ಕೆಲಸ ಕೇಳಿದ್ರ ಕೊಡ್ತಾರವ್ವಾ. ಈ ವರ್ಷ ನನಗ ಯಾರು ಕೊಡ್ತಾರ?"

ಆರು ತಿಂಗಳು ನಾನು ಅವರೊಡನೆ ಮಾತಾಡಲಿಲ್ಲ. ಗೆಳತಿ ಮಾತ್ರ ವಾರಕ್ಕೊಮ್ಮೆ ಹೋಗಿ ಬರುತ್ತಿದ್ದಳು. ಆಪಾ ಕೊಟ್ಟದ್ದು ಒಂದು ಹಾಳೆ, ಒಳಗೆ ಹೋಗಿ ಕೂತದ್ದು ಅದೇ ಸಾಲಿನಲ್ಲಿ, ಅದನ್ನು ನೋಡು ಎಂದು ನನ್ನನ್ನು ಬೈದಳು. ರಂಜಾನ್ ಹಬ್ಬದ ದಿನ ನನ್ನನ್ನು ಎಳೆದುಕೊಂಡೇ ಹೋದಳು. ಆಪಾ ನನ್ನ ಬಟ್ಟಲಿಗೆ ಸುರಕುಂಬಾ ಪಾಯಸ ಬಡಿಸಿದರು, ನಾನು ಬಟ್ಟಲು ಖಾಲಿ ಮಾಡಿದೆ.

ಬ್ಯಾಡಗಿಯಲ್ಲಿ ನಮ್ಮಿಬ್ಬರಿಗೆ ಯಾವ ಶೆಡ್ಡಿನಲ್ಲೂ ಕೆಲಸ ಸಿಗಲಿಲ್ಲ. ವಕೀಲರ ಪರಿಚಯದಿಂದ ರಾಣೇಬೆನ್ನೂರಿನ ಕಡೆ ಬೀಜದ ಹೊಲಗಳ ಕೆಲಸಕ್ಕೆ ಹೋಗತೊಡಗಿದೆವು. ಟೊಮ್ಯಾಟೊ, ಮೆಣಸಿನ ಗಿಡದ ಹೂವಿಗೆ ಕೈಯಿಂದಲೇ ಪರಾಗ ಹಚ್ಚುವ ನಾಜೂಕು ಕೆಲಸ. ಗೆಳತಿಯ ಬೆರಳು ಅಲ್ಲಿಯೂ ಮೊದಲಿಗೆ ಬಂದವು, ಈಗ ಒಂದು ಗುಂಪಿಗೆ ಅವಳೇ ಹಿರಿಯಳು. ಹಲಗೇರಿಯಿಂದ, ಮೇಡ್ಲೇರಿಯಿಂದ, ಎಲ್ಲ ಓಣಿಯ ಹೆಂಗಸರೂ ಅವಳ ಗುಂಪಿನಲ್ಲಿದ್ದಾರೆ. ತಿಂಗಳಿಗೊಮ್ಮೆ ಭಾನುವಾರ ರಾಣೇಬೆನ್ನೂರಿನಲ್ಲಿ ವಕೀಲರ ಮನೆಯ ಅಂಗಳದಲ್ಲಿ ಸೇರುತ್ತೇವೆ. ಫೋನಿಗೆ ಬಂದ ವಿಡಿಯೋಗಳನ್ನು ಎಲ್ಲರೂ ಕೂಡಿ ನೋಡಿ, ಇದು ಯಾವ ಊರು, ಯಾರು ಕಳಿಸಿದರು, ಯಾಕೆ ಕಳಿಸಿದರು ಎಂದು ವಿಚಾರಿಸುತ್ತೇವೆ. ಸೆರಗಿನೊಳಗೆ ಏನೂ ಮುಚ್ಚಿಡುವಂತಿಲ್ಲ ಎಂಬುದು ಅಲ್ಲಿಯ ಒಂದೇ ನಿಯಮ.

ಹೋದ ವರ್ಷ ಮೇಡ್ಲೇರಿಯ ಒಂದು ಹೊಲದಲ್ಲಿ ಕೆಲಸ ನಡೆದಿತ್ತು. ಹೊಲದ ಯಜಮಾನನ ತಾಯಿ ಮಧ್ಯಾಹ್ನ ಎಲ್ಲರಿಗೂ ಜುಣಕ ರೊಟ್ಟಿ ಮಾಡಿಸಿದ್ದರು. ಒಳ್ಳೆಯ ಹೆಂಗಸೇ. ಆದರೆ ಯಾವ ಓಣಿಯವರೆಂದು ಕೇಳಿ ಕೆಲವರನ್ನು ಪಡಸಾಲೆಗೆ ಕರೆದು, ಉಳಿದವರಿಗೆ ದನದ ಕೊಟ್ಟಿಗೆಯ ಕಡೆ ಕೈ ತೋರಿಸಿದರು. ಗೆಳತಿ ಅವರೊಡನೆ ವಾದ ಮಾಡಲಿಲ್ಲ. ತನ್ನ ಬುತ್ತಿ ಗಂಟು ಎತ್ತಿಕೊಂಡಳು. ನಾವು ಹದಿನೇಳು ಜನ ಎದ್ದೆವು. ಹಿಂದಿನ ಸಂಜೆ ಎಸಳು, ಗಂಡು ಕೇಸರ ಬಿಡಿಸಿಟ್ಟ ಹೂವಿಗೆ ಆ ದಿನವೇ ಪರಾಗ ಹಚ್ಚದಿದ್ದರೆ ಇಡೀ ಹೊಲದ ಬೀಜ ಹೋದಂತೆ. ಅದು ನಮಗೂ ಗೊತ್ತಿತ್ತು, ಯಜಮಾನನಿಗೂ ಗೊತ್ತಿತ್ತು. ನಾವು ಬದುವಿನ ಮೇಲೆ ಸಾಲಾಗಿ ನಡೆಯುತ್ತ ಡಾಂಬರು ರಸ್ತೆಗೆ ಬರುವಷ್ಟರಲ್ಲಿ ಅವನು ಓಡಿಬಂದ. ಎಲ್ಲರೂ ಪಡಸಾಲೆಗೆ ಬನ್ನಿ ಎಂದ.

ಗೆಳತಿ ತಿರುಗಿ ಹೊರಡಲಿಲ್ಲ. ಅಲ್ಲೇ ನಿಂತು, ಕರೆಯಬೇಕಾದವರು ನಿಮ್ಮ ತಾಯಿ, ಅವರು ಬರಲಿ ಎಂದಳು. ಮುದುಕಿ ಬರಲು ಸುಮಾರು ಹೊತ್ತು ಹಿಡಿಯಿತು. ನಾವು ಬಿಸಿಲಿನಲ್ಲಿ ನಿಂತೇ ಕಾದೆವು.